ಧ್ವನಿವರ್ಧಕಗಳ ನಾದಗುಣ: ಹೈದರಾಬಾದಿನ ಮನೆಗಳಲ್ಲಿ

ಉನ್ನತ ದರ್ಜೆಯ ಸ್ಪೀಕರ್‌ಗಳಲ್ಲಿ ಒಂದೇ ಧ್ವನಿಮುದ್ರಣ ಒಂದೊಂದರಲ್ಲಿ ಒಂದೊಂದು ಬಗೆಯಾಗಿ ಕೇಳುತ್ತದೆ. ಒಂದರಲ್ಲಿ ಗಾಯಕರು ಎದುರಿಗೇ ಬಂದು ಕೂತು ಹಾಡಿದಂತಿದ್ದರೆ ಇನ್ನೊಂದರಲ್ಲಿ ನಾಲ್ಕು ಗಜ ಹಿಂದೆ ಸರಿದಿರುತ್ತಾರೆ. ಒಂದರಲ್ಲಿ ತಂಬೂರಿಯ ಝೇಂಕಾರ ತುಂಬಿಕೊಂಡಿರುತ್ತದೆ, ಇನ್ನೊಂದರಲ್ಲಿ ತಂತಿ ಮೀಟಿದ ಸದ್ದಷ್ಟೇ ಉಳಿಯುತ್ತದೆ. ಈ ಭೇದಗಳನ್ನೆಲ್ಲ ಒಟ್ಟಾಗಿ ಸ್ಪೀಕರಿನ ನಾದಗುಣ ಎನ್ನಬಹುದು. ಧ್ವನಿ ಹುಟ್ಟಿಸುವ ಘಟಕ, ಅದನ್ನು ಕೂರಿಸಿದ ಪೆಟ್ಟಿಗೆ, ಧ್ವನಿ ಸುತ್ತಲೂ ಹರಡುವ ರೀತಿ, ಸ್ಪೀಕರ್ ಇಟ್ಟ ಕೋಣೆ ಈ ನಾಲ್ಕೂ ಸೇರಿ ಅದು ರೂಪುಗೊಳ್ಳುತ್ತದೆ. ಕೊಳ್ಳುವವರ ಮಾತುಕತೆಯಲ್ಲಿ ಮೊದಲ ಎರಡರದ್ದೇ ಕಾರುಬಾರು. ಹೈದರಾಬಾದಿನ ಮನೆಗಳಲ್ಲಿ ಮಾತ್ರ ತೀರ್ಮಾನ ಆಗುವುದು ಬಹುಪಾಲು ಕೊನೆಯ ಎರಡರಿಂದ.

ನಗರದ ಕಿವಿ

ನಿಜಾಮರ ಸರ್ಕಾರದ ಡೆಕ್ಕನ್ ರೇಡಿಯೋ ಹೈದರಾಬಾದಿನಿಂದ ಪ್ರಸಾರ ತೊಡಗಿದ್ದು 1935ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಆರಂಭಿಸಿದ್ದರು. ಡೆಕ್ಕನ್ ರೇಡಿಯೋ 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೋದೊಳಗೆ ಸೇರಿತು. ಕಲಬುರಗಿ, ಬೀದರ್, ರಾಯಚೂರು ಸೀಮೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಬಂದು ಕಾಚಿಗುಡ, ಕೋಠಿ ಸುತ್ತಮುತ್ತ ನೆಲೆಸಿದ ಕನ್ನಡ ಕುಟುಂಬಗಳ ಕಿವಿ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಳಗಿತು. ಹಿಂದೂಸ್ತಾನಿ ಗಾಯಕ ಬಡೇ ಗುಲಾಂ ಅಲಿ ಖಾನರು ಕೊನೆಯ ದಿನಗಳನ್ನು ಕಳೆದದ್ದು ಈ ಊರಿನ ಬಶೀರ್‌ಬಾಗ್ ಅರಮನೆಯಲ್ಲಿ. 1968ರಲ್ಲಿ ತೀರಿಕೊಂಡದ್ದೂ ಅಲ್ಲೇ. ಇಂಥ ಊರಿನಲ್ಲಿ ಸ್ಪೀಕರ್ ಮೊದಲು ದನಿಯನ್ನು ಸರಿಯಾಗಿ ನುಡಿಸಬೇಕೆಂದು ಬಯಸುವವರು ಇಂದಿಗೂ ಇದ್ದಾರೆ.

ಇನ್ನೊಂದು ರುಚಿ ಸಿನಿಮಾದ್ದು. ಆರ್‌ಟಿಸಿ ಕ್ರಾಸ್‌ರೋಡ್ಸ್‌ನ ಚಿತ್ರಮಂದಿರಗಳು, 2003ರಲ್ಲಿ ತೆರೆದ ಪ್ರಸಾದ್ಸ್ ಐಮ್ಯಾಕ್ಸ್ ಪರದೆ ಇವೆಲ್ಲ ಎದೆಗೆ ತಟ್ಟುವ ಬಾಸ್‌ನ ಹಂಬಲವನ್ನು ಮನೆಯೊಳಗೂ ತಂದವು. ಒಂದೇ ಮನೆಯಲ್ಲಿ ಅಜ್ಜನಿಗೆ ಮಲ್ಲಿಕಾರ್ಜುನ ಮನ್ಸೂರರ ಖಯಾಲ್ ಬೇಕು, ಮೊಮ್ಮಗನಿಗೆ ತೆಲುಗು ಸಿನಿಮಾದ ಹಾಡು ಬೇಕು. ಎರಡನ್ನೂ ಒಂದೇ ಜೋಡಿ ಸ್ಪೀಕರ್ ಸಮನಾಗಿ ನಿಭಾಯಿಸುವುದು ಅಪರೂಪ, ಅಂಥವುಗಳ ಬೆಲೆಯೂ ವಿಪರೀತ.

1991ರ ಆರ್ಥಿಕ ಉದಾರೀಕರಣಕ್ಕೆ ಮುಂಚೆ ಆಮದಿನ ಮೇಲೆ ಕಟ್ಟುಪಾಡುಗಳಿದ್ದವು. ಒಳ್ಳೆಯ ಸೆಟ್ಟುಗಳು ಬಹುಮಟ್ಟಿಗೆ ಗಲ್ಫ್‌ನಿಂದ ಊರಿಗೆ ಮರಳಿದವರ ಸಾಮಾನಿನ ಜೊತೆ ಬಂದವು. ಉಳಿದವರಿಗೆ ಕೋಠಿಯ ಗುಜರಾತಿ ಗಲ್ಲಿಯೇ ಗತಿ: ಕೆಳಸ್ವರದ ಘಟಕವಾದ ವೂಫರ್, ಮೇಲ್ಸ್ವರದ ಘಟಕವಾದ ಟ್ವೀಟರ್ ಬಿಡಿಯಾಗಿ ಕೊಂಡು, ಬಡಗಿಯಿಂದ ಪೆಟ್ಟಿಗೆ ಮಾಡಿಸಿ ಜೋಡಿಸಿಕೊಳ್ಳುವುದು. ಈಗ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಕಡೆಯ ಮಳಿಗೆಗಳಲ್ಲಿ ಜಗತ್ತಿನ ದೊಡ್ಡ ಹೆಸರುಗಳೆಲ್ಲ ಸಿಗುತ್ತವೆ. ಆಯ್ಕೆ ಹೆಚ್ಚಿದಂತೆ ಹೋಲಿಸುವ ಕೆಲಸ ಕಷ್ಟವಾಗಿದೆ.

ಸ್ಪೀಕರುಗಳ ಮನೆತನಗಳು

ಇಂದಿನ ಬಹುಪಾಲು ಸ್ಪೀಕರುಗಳ ಮೂಲ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸ. ಅಯಸ್ಕಾಂತದ ನಡುವೆ ಸುರುಳಿ, ಸುರುಳಿಗೆ ಅಂಟಿದ ಕೋನ್; ವಿದ್ಯುತ್ ಏರಿಳಿದಂತೆ ಕೋನ್ ಹಿಂದೆ ಮುಂದೆ ಆಡುತ್ತದೆ. ಕೋನಿನ ಹಿಂಬದಿಯಿಂದಲೂ ಮುಂಬದಿಯಷ್ಟೇ ಸದ್ದು ಹೊರಡುತ್ತದೆ. ಆ ಹಿಂಬದಿಯ ಸದ್ದನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳೇ ಸ್ಪೀಕರುಗಳ ಮನೆತನಗಳಾದವು.

ಎಡ್ಗರ್ ವಿಲ್‌ಚರ್ ಕೊಟ್ಟ ಉತ್ತರ ಪೆಟ್ಟಿಗೆಯನ್ನು ಪೂರ್ತಿ ಮುಚ್ಚುವುದು. 1954ರ ಅಕೂಸ್ಟಿಕ್ ರಿಸರ್ಚ್ ಎಆರ್-1 ಮಾದರಿಯಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡಿ ಕೋನನ್ನು ಹಿಡಿತದಲ್ಲಿಟ್ಟಿತು. ಪುಸ್ತಕದ ಕಪಾಟಿನಲ್ಲಿ ಇಡಬಹುದಾದ ಪೆಟ್ಟಿಗೆಯಿಂದ ಆಳದ ಬಾಸ್ ಬಂದದ್ದು ಆ ಕಾಲಕ್ಕೆ ಬೆರಗು. ಮತ್ತೊಂದು ಉತ್ತರ ಪೆಟ್ಟಿಗೆಗೆ ಕೊಳವೆ ಇಡುವುದು. ಅದರಲ್ಲಿ ಹಿಂಬದಿಯ ಸದ್ದೇ ಒಂದು ಆವೃತ್ತಿಯ ಸುತ್ತ ಬಾಸ್‌ಗೆ ಬಲ ಕೊಡುತ್ತದೆ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಈ ಎರಡೂ ಬಗೆಗೆ ಗಣಿತದ ತಳಹದಿ ಹಾಕಿಕೊಟ್ಟರು. ಮುಚ್ಚಿದ ಪೆಟ್ಟಿಗೆಯ ಬಾಸ್ ತನ್ನ ಮಿತಿಯ ಕೆಳಗೆ ಪ್ರತಿ ಸ್ಥಾಯಿಗೆ 12 ಡೆಸಿಬೆಲ್‌ನಂತೆ ನಿಧಾನವಾಗಿ ಇಳಿಯುತ್ತದೆ. ಕೊಳವೆ ಪೆಟ್ಟಿಗೆಯದ್ದು 24 ಡೆಸಿಬೆಲ್‌ನಂತೆ ಥಟ್ಟನೆ ಕುಸಿಯುತ್ತದೆ. ಮುಂದೆ ಕೋಣೆಯ ವಿಷಯಕ್ಕೆ ಬಂದಾಗ ಈ ಭೇದ ಬೇಕಾಗುತ್ತದೆ.

ದನಿಗೆ ಒಲಿದ ಮನೆತನವೆಂದರೆ ಬಿಬಿಸಿಯದ್ದು. ಪ್ರಸಾರದ ವ್ಯಾನುಗಳೊಳಗೆ ಭಾಷಣ, ಸಂಗೀತ ಪರಿಶೀಲಿಸಲೆಂದು ಅದರ ಎಂಜಿನಿಯರುಗಳು 1970ರ ದಶಕದ ಆರಂಭದಲ್ಲಿ ರೂಪಿಸಿದ ಎಲ್ಎಸ್3/5ಎ ಬರಿಯ 5 ಲೀಟರ್‌ನಷ್ಟು ಒಳಜಾಗದ ಮುಚ್ಚಿದ ಪೆಟ್ಟಿಗೆ. ಒಳಗೆ ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್. ಆಳದ ಬಾಸ್ ಇಲ್ಲ, ಜೋರಿನ ಶಕ್ತಿಯೂ ಇಲ್ಲ. 100 ಹರ್ಟ್ಸ್‌ನ ಮೇಲೆ ತುಸು ಉಬ್ಬು ಇರುವುದರಿಂದ ಬಾಸ್ ಇದೆಯೆಂಬ ಭಾವನೆ ಬರುತ್ತದೆ. ಮನುಷ್ಯನ ಕಂಠವನ್ನು ನುಡಿಸುವುದರಲ್ಲಿ ಮಾತ್ರ ಇದರ ಹತ್ತರಷ್ಟು ಬೆಲೆಯ ಸ್ಪೀಕರುಗಳೂ ಇದರ ಮುಂದೆ ಸಪ್ಪೆ ಎನಿಸುವುದುಂಟು. ಬಿಬಿಸಿಯ ಡಡ್ಲಿ ಹಾರ್ವುಡ್ 1977ರಲ್ಲಿ ಹಾರ್ಬೆತ್ ಕಂಪನಿ ಕಟ್ಟಿದರು. ಸ್ಪೆಂಡಾರ್ ಕಟ್ಟಿದ ಸ್ಪೆನ್ಸರ್ ಹ್ಯೂಸ್ ಕೂಡ ಅಲ್ಲಿಯವರೇ. ಈ ಮನೆತನದ ಪೆಟ್ಟಿಗೆಗಳ ಗೋಡೆ ತೆಳು. ಅದರ ಕಂಪನವನ್ನು ಒಳಗಿನ ಲೇಪದಿಂದ ಅಡಗಿಸಿ, ದನಿಗೆ ಮುಖ್ಯವಾದ ಆವೃತ್ತಿಗಳಿಂದ ಆಚೆಗೆ ತಳ್ಳಲಾಗುತ್ತದೆ. ಹಲವು ಮಾದರಿಗಳಲ್ಲಿ 2 ಸಾವಿರ ಹರ್ಟ್ಸ್‌ನ ಮೇಲೆ ಸ್ವಲ್ಪ ತಗ್ಗು ಇರುವುದರಿಂದ ಹಾಡುವವರು ಒಂದಿಷ್ಟು ದೂರದಲ್ಲಿ, ವೇದಿಕೆಯ ಮೇಲೆ ಕೂತಂತೆ ಕೇಳುತ್ತದೆ.

ಪೀಟರ್ ವಾಕರ್ ಪೆಟ್ಟಿಗೆಯನ್ನೇ ಕೈಬಿಟ್ಟರು. 1957ರ ಕ್ವಾಡ್ ಇಎಸ್ಎಲ್‌ನಲ್ಲಿ ಕೆಲವೇ ಮೈಕ್ರಾನ್ ದಪ್ಪದ ಪೊರೆ ಸಾವಿರಾರು ವೋಲ್ಟ್‌ಗಳ ವಿದ್ಯುತ್ ಕ್ಷೇತ್ರದಲ್ಲಿ ಕಂಪಿಸುತ್ತದೆ. ಪೊರೆಗೆ ತೂಕವೇ ಇಲ್ಲವೆನ್ನಬಹುದಾದ್ದರಿಂದ ಸ್ವರ ಶುರುವಾಗುವ ಮತ್ತು ನಿಲ್ಲುವ ಕ್ಷಣಗಳು ಎಷ್ಟು ಸ್ಪಷ್ಟವೆಂದರೆ, ವೀಣೆಯ ಮೀಟು ಮತ್ತು ಅದರ ಹಿಂದಿನ ಗಮಕ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಮುಂದೆ ಹಿಂದೆ ಸದ್ದು ಹೊರಡುತ್ತದೆ, ಎರಡು ಪಕ್ಕಗಳಿಗೆ ಬಹುತೇಕ ಇಲ್ಲ. ಡೋಲು, ತವಿಲು ಜೋರಾಗಿ ಕೇಳಬೇಕೆನ್ನುವವರಿಗೆ ಇದು ಆಗಿಬರುವುದಿಲ್ಲ. ಭಾರತದಲ್ಲೇ ಪುಣೆಯ ಕೇಡೆನ್ಸ್ ಕಂಪನಿ ಇಂಥ ಪೊರೆಗೆ ವೂಫರ್ ಜೋಡಿಸಿ ಮಿಶ್ರ ಮಾದರಿಗಳನ್ನು ತಯಾರಿಸಿತು. ಇಷ್ಟು ಸೂಕ್ಷ್ಮದ ವಸ್ತುವನ್ನು ಇಲ್ಲೇ ಮಾಡಿದ್ದು ಸಣ್ಣ ಸಾಧನೆಯಲ್ಲ, ಅದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

ಹಾರ್ನ್ ಸ್ಪೀಕರುಗಳದ್ದು ಪೊರೆಯ ಸ್ಪೀಕರುಗಳಿಗೆ ತೀರ ವಿರುದ್ಧ ಸ್ವಭಾವ. ಪಾಲ್ ಕ್ಲಿಪ್ಷ್ 1946ರಲ್ಲಿ ಮಾರುಕಟ್ಟೆಗೆ ತಂದ ಕ್ಲಿಪ್ಷ್‌ಹಾರ್ನ್ ಕೋಣೆಯ ಮೂಲೆಯನ್ನೇ ಕಹಳೆಯ ಬಾಯಿಯ ಮುಂದುವರಿಕೆಯಾಗಿ ಬಳಸುತ್ತದೆ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 105 ಡೆಸಿಬೆಲ್. ಎಲ್ಎಸ್3/5ಎ ಅದೇ 1 ವಾಟ್‌ಗೆ ಕೊಡುವುದು ಸುಮಾರು 83. ಈ ಅಂತರ ತುಂಬಲು 150 ಪಟ್ಟಿಗೂ ಮಿಕ್ಕಿ ವಿದ್ಯುತ್ ಬೇಕು. ಹಾರ್ನಿನಲ್ಲಿ ಮೃದಂಗದ ಹೊಡೆತ, ನಾಗಸ್ವರದ ಏರು ಕುಗ್ಗದೆ ಬರುತ್ತವೆ. ಕಂಠಕ್ಕೆ ಮಾತ್ರ ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದಂಥ ಛಾಯೆ ಸೇರುವ ಅಪಾಯವಿದೆ. ಒಳ್ಳೆಯ ವಿನ್ಯಾಸಗಳಲ್ಲಿ ಅದು ಬಹಳ ಕಡಿಮೆ. ಕೊಚ್ಚಿಯ ವಾಸ್ತುಶಿಲ್ಪಿ ಜೇಕಬ್ ಜಾರ್ಜ್ ಅವರ ರೆಥಮ್ ಸ್ಪೀಕರುಗಳು ಹಾರ್ನ್ ಮತ್ತು ಪೂರ್ಣಶ್ರೇಣಿಯ ಒಂದೇ ಘಟಕವನ್ನು ಸೇರಿಸಿ ಹೊರದೇಶಗಳಲ್ಲೂ ಹೆಸರು ಮಾಡಿದವು.

ಉಳಿದವನ್ನು ಬೇಗ ಹೇಳಬಹುದು. ಟ್ಯಾನಾಯ್ 1947ರಿಂದ, ಕೆಇಎಫ್ 1988ರ ಯೂನಿ-ಕ್ಯೂ ಮಾದರಿಯಿಂದ ಟ್ವೀಟರನ್ನು ವೂಫರಿನ ನಟ್ಟನಡುವೆ ಕೂರಿಸಿದವು. ಕೆಳಸ್ವರ ಮೇಲ್ಸ್ವರ ಒಂದೇ ಬಿಂದುವಿನಿಂದ ಹೊರಡುವುದರಿಂದ ಕೂತಲ್ಲಿಂದ ಸ್ವಲ್ಪ ಸರಿದರೂ ಧ್ವನಿಯ ಬಣ್ಣ ಕೆಡುವುದಿಲ್ಲ. ಎಲ್ಎಸ್3/5ಎ ಸ್ಮರಣೆಯಲ್ಲಿ ಕೆಇಎಫ್ 2012ರಲ್ಲಿ ತಂದ ಎಲ್ಎಸ್50 ಈ ಗುಣವನ್ನು ಸಾಧಾರಣ ಬೆಲೆಗೆ ಇಳಿಸಿತು. ಬೌವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯ 801 ಮಾದರಿ 1979ರಲ್ಲಿ ಬಂದು ಲಂಡನ್ನಿನ ಆಬಿ ರೋಡ್ ಸ್ಟುಡಿಯೋ ಸೇರಿತು. ಅದೇ ಕಂಪನಿಯ ಈಚಿನ ವಜ್ರದ ಟ್ವೀಟರಿನ ಮಾದರಿಗಳಲ್ಲಿ ಮೇಲ್ಸ್ವರ ಒಂದಿಷ್ಟು ಎದ್ದು ಕೇಳುತ್ತದೆ. ಫ್ರಾನ್ಸಿನ ಫೋಕಲ್‌ನ ಬೆರಿಲಿಯಂ ಟ್ವೀಟರ್ ಚುರುಕು. ಇಟಲಿಯ ಸೋನಸ್ ಫಾಬರ್‌ನಲ್ಲಿ ಪಿಟೀಲಿನಂಥ ತಂತಿವಾದ್ಯಗಳಿಗೆ ಬೆಚ್ಚನೆಯ ಮೈ ಸಿಗುತ್ತದೆ. ಕೊಲ್ಕತ್ತಾದಲ್ಲಿ 1970ರಲ್ಲಿ ಹುಟ್ಟಿದ ಸೋನೋಡೈನ್ ಮಧ್ಯಮ ವರ್ಗದ ಮನೆಗಳಿಗೆ ಮೊದಲ ಗಂಭೀರ ಸ್ಪೀಕರುಗಳನ್ನು ಕೊಟ್ಟಿತು.

ಕೋಣೆಯ ಪಾಲು

ಹಳೆಯ ಹೈದರಾಬಾದಿನ ಮನೆಗಳ ನೆಲಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ, ತಾಂಡೂರಿನಿಂದ ಬಂದ ಕಲ್ಲು. ಗಚ್ಚಿಬೌಲಿ, ಕೊಂಡಾಪುರದ ಹೊಸ ಫ್ಲ್ಯಾಟುಗಳಿಗೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ತಲೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಒಂದು ಬದಿ ಬಾಲ್ಕನಿಯ ಗಾಜು. ಇವುಗಳಲ್ಲಿ ಯಾವುದೂ ಸದ್ದನ್ನು ಹೀರಿಕೊಳ್ಳುವುದಿಲ್ಲ. ಹಾರ್ವರ್ಡ್‌ನ ವಾಲೇಸ್ ಸಬೈನ್ ನೂರು ವರ್ಷಗಳಿಗೂ ಹಿಂದೆ ಕೊಟ್ಟ ಸೂತ್ರದಲ್ಲಿ ಲೆಕ್ಕ ಹಾಕಿದರೆ, 14 ಅಡಿ ಅಗಲ, 18 ಅಡಿ ಉದ್ದ, 10 ಅಡಿ ಎತ್ತರದ ಬರಿದಾದ ಹಾಲ್‌ನಲ್ಲಿ ಚಪ್ಪಾಳೆಯ ಸದ್ದು ಅಡಗಲು 3 ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಸಂಗೀತ ಕೇಳಲು ಒಪ್ಪುವುದು ಅರ್ಧ ಸೆಕೆಂಡಿನ ಆಸುಪಾಸು. ಸೋಫಾ, ದಪ್ಪ ಪರದೆ, ಹತ್ತಿಯ ಹಾಸಿಗೆ, ಪುಸ್ತಕದ ಕಪಾಟು ಸೇರಿದಾಗ ಮೇಲ್ಸ್ವರಗಳ ಮಟ್ಟಿಗೆ ಈ ಗುರಿ ಮುಟ್ಟಬಹುದು. ವಾರಂಗಲ್ಲಿನ ಜಮಖಾನೆ ಹಾಸಿದರೆ ನೆಲದಿಂದ ಚಿಮ್ಮುವ ಟ್ರೆಬಲ್ ತಗ್ಗುತ್ತದೆ, ಬಾಸ್‌ಗೆ ಅದರಿಂದ ಏನೂ ಆಗದು. 100 ಹರ್ಟ್ಸ್‌ನ ತರಂಗದ ಉದ್ದವೇ ಸುಮಾರು 3.4 ಮೀಟರ್, ತೆಳುವಾದ ಬಟ್ಟೆ ಅದಕ್ಕೆ ತಡೆಯೇ ಅಲ್ಲ.

ಬಾಸ್‌ನ ಕಷ್ಟ ಇನ್ನೂ ಆಳದ್ದು. ಅದೇ ಹಾಲ್‌ನ ಉದ್ದಕ್ಕೆ 31, ಅಗಲಕ್ಕೆ 40, ಎತ್ತರಕ್ಕೆ 56 ಹರ್ಟ್ಸ್‌ನಲ್ಲಿ ಗಾಳಿ ಅನುರಣಿಸುತ್ತದೆ. ಹಿಂಗೋಡೆಗೆ ತಲೆಯಾನಿಸಿ ಕೂತವರಿಗೆ 31 ಹರ್ಟ್ಸ್ ಉಬ್ಬಿ ಬರುತ್ತದೆ. ನಮ್ಮ ಮನೆಗಳಲ್ಲಿ ಸೋಫಾ ಇರುವುದೇ ಗೋಡೆಗೆ ಒತ್ತಿ. ಅಗಲದ ನಟ್ಟನಡುವೆ ಕೂತವರಿಗೆ 40 ಹರ್ಟ್ಸ್ ಬಹುತೇಕ ಕೇಳುವುದಿಲ್ಲ. ಅಮೆರಿಕದ ಬಹುಪಾಲು ಮನೆಗಳ ಗೋಡೆ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಹೊಡೆದು ಮಾಡಿದ್ದು. ಬಾಸ್ ಬಡಿದಾಗ ಅದು ತುಸು ಬಾಗಿ ಶಕ್ತಿಯನ್ನು ನುಂಗುತ್ತದೆ, ಒಂದಿಷ್ಟನ್ನು ಹೊರಕ್ಕೂ ಬಿಡುತ್ತದೆ. ನಮ್ಮ ಇಟ್ಟಿಗೆ, ಸಿಮೆಂಟ್ ಗೋಡೆ ಅದನ್ನು ಒಳಗೇ ಹಿಡಿದಿಡುತ್ತದೆ. ಅಂಥ ಕಡೆ ಕೇಳಿ ಶ್ರುತಿಗೂಡಿಸಿದ ದೊಡ್ಡ ಕೊಳವೆ ಸ್ಪೀಕರುಗಳನ್ನು ಇಲ್ಲಿಗೆ ತಂದಿಟ್ಟಾಗ ಬಾಸ್ ಗುಡುಗುಡು ಎನ್ನುವುದಕ್ಕೆ ಮುಖ್ಯ ಕಾರಣ ಇದೇ. ದುಬಾರಿ ಸ್ಪೀಕರ್ ಕೊಂಡವರು ಆಂಪ್ಲಿಫೈಯರ್ ಬದಲಿಸಿ, ಕೇಬಲ್ ಬದಲಿಸಿ ಹಣ ಕಳೆದುಕೊಳ್ಳುವುದನ್ನು ನೋಡಿದರೆ ಮನಸ್ಸಿಗೆ ಬೇಸರವಾಗುತ್ತದೆ. ದೋಷವಿರುವುದು ಗೋಡೆಯಲ್ಲಿ, ಸ್ಪೀಕರನ್ನಿಟ್ಟ ಜಾಗದಲ್ಲಿ. ಮುಚ್ಚಿದ ಪೆಟ್ಟಿಗೆಯ ನಿಧಾನದ ಇಳಿತ ಕೋಣೆಯ ಉಬ್ಬಿನ ಜೊತೆ ಹೊಂದಿಕೊಂಡು ಸಮನಾಗುವುದರಿಂದ ಇಂಥ ಮನೆಗಳಿಗೆ ಅದೇ ಲೇಸು. ಪಕ್ಕಕ್ಕೆ ಸದ್ದು ಬಿಡದ ಕ್ವಾಡ್ ಬಗೆಯವು ಅಗಲದ ಅನುರಣನವನ್ನು ಕೆರಳಿಸುವುದು ಕಡಿಮೆ, ಆದರೆ ಅವನ್ನು ಅವುಗಳ ಬೆನ್ನಿಗಿರುವ ಗೋಡೆಯಿಂದ ಒಂದು ಮೀಟರಾದರೂ ಮುಂದಿಡಬೇಕು. ಅಷ್ಟು ಜಾಗ ಎಲ್ಲ ಫ್ಲ್ಯಾಟುಗಳಲ್ಲೂ ಸಿಗದು.

ಕೋಣೆಯ ಗೋಡೆಗಳು ಗಟ್ಟಿಯಾದಷ್ಟೂ ಸ್ಪೀಕರಿನ ಪಕ್ಕಕ್ಕೆ ಹೊರಡುವ ಧ್ವನಿಯ ಗುಣ ಮುಖ್ಯವಾಗುತ್ತದೆ. ಕೇಳುಗರ ಕಿವಿಗೆ ನೇರ ಬರುವ ಧ್ವನಿಯ ಬೆನ್ನಿಗೇ ಗೋಡೆ, ನೆಲಕ್ಕೆ ಬಡಿದ ಧ್ವನಿಯೂ ಬರುತ್ತದೆ. ಎರಡರ ಬಣ್ಣ ಒಂದೇ ಆಗಿದ್ದರೆ ಮಿದುಳು ಅದನ್ನು ಒಂದಾಗಿ ಸ್ವೀಕರಿಸುತ್ತದೆ. ಪಕ್ಕದ ಧ್ವನಿಯಲ್ಲಿ ಟ್ರೆಬಲ್ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಕುಸಿದಿದ್ದರೆ ಗಾಜು, ಕಲ್ಲಿನ ಹಾಲ್‌ನಲ್ಲಿ ಆ ದೋಷವೇ ದೊಡ್ಡದಾಗಿ ಕೇಳುತ್ತದೆ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಪರದೆಯ ಹಿಂದೆ ಸ್ಪೀಕರ್ ಇಟ್ಟು ನಡೆಸಿದ ಪರೀಕ್ಷೆಗಳಲ್ಲಿ ಕೇಳುಗರು ಮತ್ತೆ ಮತ್ತೆ ಮೆಚ್ಚಿದ್ದು ನೇರ ಧ್ವನಿ ಸಮತಟ್ಟಾಗಿದ್ದು ಪಕ್ಕದ ಧ್ವನಿಯೂ ನುಣುಪಾಗಿ ಇಳಿಯುವ ಸ್ಪೀಕರುಗಳನ್ನೇ. 1994ರಲ್ಲಿ ಅವರೂ ಷಾನ್ ಆಲಿವ್ ಅವರೂ ಸೇರಿ ತೋರಿಸಿದ್ದು ಇನ್ನೊಂದು ಸತ್ಯ: ಸ್ಪೀಕರು ಕಣ್ಣಿಗೆ ಕಂಡ ಕೂಡಲೇ ಕೇಳುಗರ ಅಂಕಗಳು ಬದಲಾದವು. ದೊಡ್ಡ ಗಾತ್ರ, ಹೊಳೆಯುವ ಮರ, ಹೆಸರುಪಟ್ಟಿ ಇವೆಲ್ಲ ಕಿವಿಯ ಮೇಲೆ ಕೆಲಸ ಮಾಡುತ್ತವೆ.

ನಮ್ಮ ಸಂಗೀತದ ಒರೆಗಲ್ಲು

ಮಳಿಗೆಗಳಲ್ಲಿ ಹಾಕುವ ಮಾದರಿ ಹಾಡುಗಳು ಸಾಮಾನ್ಯವಾಗಿ ಪಶ್ಚಿಮದ ಸ್ಟುಡಿಯೋ ಮುದ್ರಣಗಳು. ಅವುಗಳಿಂದ ಚೆಂದ ಕೇಳಿಸಿದ ಸ್ಪೀಕರ್ ಮನೆಯಲ್ಲಿ ತಂಬೂರಿ ಹಾಕಿದಾಗ ಕೈಕೊಡಬಹುದು. ಕಪ್ಪು ಒಂದರ ಶ್ರುತಿಯಲ್ಲಿ ಗಂಡಸರ ಆಧಾರ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಮಂದ್ರ ತಂತಿ 69. ಕುದುರೆಯ ಮೇಲೆ ಜೀವಾಳಿಯ ದಾರವನ್ನು ಚೆನ್ನಾಗಿ ಕೂರಿಸಿದ ತಂಬೂರಿಯಲ್ಲಿ ಆ ತಂತಿಯ ಐದರಷ್ಟು ಆವೃತ್ತಿಯ ಉಪಸ್ವರ, 347 ಹರ್ಟ್ಸ್‌ನಷ್ಟರಲ್ಲಿ, ಸ್ವಯಂಭೂ ಗಾಂಧಾರವಾಗಿ ತಾನೇ ನುಡಿಯುತ್ತದೆ. ತಂಬೂರಿಯ ಕುದುರೆಯ ಬಾಗು ಈ ಉಪಸ್ವರಗಳನ್ನು ಹೇಗೆ ಎಬ್ಬಿಸುತ್ತದೆಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಸ್ಪೀಕರಿನಲ್ಲಿ ತಂಬೂರಿಯೊಂದನ್ನೇ ಹತ್ತು ನಿಮಿಷ ಕೇಳಬೇಕು: ಗಾಂಧಾರ ಸ್ಥಿರವಾಗಿ ನಿಂತರೆ ಮಧ್ಯಸ್ವರ ಚೆನ್ನಾಗಿದೆ, ಝೇಂಕಾರ ಮರಳು ಉಜ್ಜಿದಂತಾದರೆ ವೂಫರ್ ಹಾಗೂ ಟ್ವೀಟರ್ ಕೂಡುವಲ್ಲಿ ಏನೋ ಕೊರತೆಯಿದೆ, ಮಂದ್ರ ತಂತಿಯೊಂದೇ ಉಳಿದವನ್ನು ನುಂಗಿ ಮೊರೆದರೆ ಕೋಣೆ ಉಬ್ಬುತ್ತಿದೆ. ಇದಕ್ಕಿಂತ ಕಟುವಾದ, ಇದಕ್ಕಿಂತ ಅಗ್ಗದ ಪರೀಕ್ಷೆ ಮತ್ತೊಂದಿಲ್ಲ.

ಮೃದಂಗ ಮತ್ತು ತಬಲಾದ ಕರಣೆ, ಅಂದರೆ ಚರ್ಮದ ಮೇಲಿನ ಕಪ್ಪು ಲೇಪದಿಂದಾಗಿ ಅವುಗಳ ಉಪಸ್ವರಗಳು ತಂತಿವಾದ್ಯದಂತೆ ಕ್ರಮಬದ್ಧವಾಗಿ ಕೂಡಿಬರುತ್ತವೆ ಎಂಬುದನ್ನೂ ರಾಮನ್ ತೋರಿಸಿದರು. ಅವರ ವಿಸ್ತಾರವಾದ ಪ್ರಬಂಧ 1934ರದ್ದು, ಬೆಂಗಳೂರಿನ ದಿನಗಳದ್ದು. ಹಾಗಾಗಿ ಈ ವಾದ್ಯಗಳಿಗೆ ಶ್ರುತಿಯಿದೆ, ಸ್ಪೀಕರಿನಲ್ಲಿ ಆ ಶ್ರುತಿ ಕೇಳಬೇಕು. ಎಡಗೈಯ ಗುಮ್ಕಿ ಜಾರುವಾಗ ಸ್ವರ ಇಳಿದೇರುವುದು ತಿಳಿಯದೆ ಬರೀ ಧಪ್ ಎಂದರೆ ಅಂಥ ಬಾಸ್ ಎಷ್ಟಿದ್ದರೂ ವ್ಯರ್ಥ.

ಕಂಠದಲ್ಲಿ ಗಂಗೂಬಾಯಿ ಹಾನಗಲ್ಲರ ಮುದ್ರಣಗಳು ತುಂಬ ಉಪಯುಕ್ತ. ಅವರ ದನಿಯ ಗಡಸು, ತಗ್ಗು ಸ್ವರದಲ್ಲೂ ಒಡೆಯದ ತುಂಬು ಇವೆರಡನ್ನೂ ಒಟ್ಟಿಗೆ ನುಡಿಸುವ ಸ್ಪೀಕರು ಕಡಿಮೆ. 1960, 70ರ ದಶಕಗಳ ಕನ್ನಡ ಚಿತ್ರಗೀತೆಗಳಿಗೆ ಬೇರೆಯದೇ ಲೆಕ್ಕ. ಅವು ಬಹುತೇಕ ಮೋನೋ ಮುದ್ರಣ, ಮೇಲ್ಸ್ವರದಲ್ಲಿ ಮೊನಚು ಹೆಚ್ಚು. ಟ್ರೆಬಲ್ ಎದ್ದು ಕೇಳುವ ಸ್ಪೀಕರಿನಲ್ಲಿ ಎಸ್. ಜಾನಕಿ ಅವರ ತಾರಸ್ವರ ಚುಚ್ಚುತ್ತದೆ. 120 ಹರ್ಟ್ಸ್ ಬಳಿ ಉಬ್ಬಿದ್ದರೆ ಪಿ.ಬಿ. ಶ್ರೀನಿವಾಸ್ ಅವರ ಮೆದುದನಿ ಮಂದವಾಗುತ್ತದೆ. ಹಳೆಯ ಹಾಡುಗಳೇ ಪ್ರಾಣವಾಗಿರುವವರಿಗೆ ಬಿಬಿಸಿ ಮನೆತನದ ಸ್ಪೀಕರು ಒಪ್ಪುವಷ್ಟು ಅದಕ್ಕೆ ಎರಡರಷ್ಟು ಬೆಲೆಯ ಆಧುನಿಕ ಸ್ಪೀಕರು ಒಪ್ಪುವುದಿಲ್ಲ. ಮೋನೋ ಮುದ್ರಣದಿಂದ ಇನ್ನೊಂದು ಅನುಕೂಲವಿದೆ: ಜೋಡಿಯಲ್ಲಿ ಒಂದೇ ಸ್ಪೀಕರ್ ನುಡಿಸಿ ಹೋಲಿಸಿದಾಗ ದೋಷಗಳು ಬೇಗ ಗೊತ್ತಾಗುತ್ತವೆ ಎಂಬುದನ್ನು ಟೂಲ್ ಅವರ ಪರೀಕ್ಷೆಗಳೂ ಹೇಳುತ್ತವೆ. ಹೋಲಿಸುವಾಗ ಎರಡರ ಜೋರು ಸಮ ಇರಬೇಕು. ಒಂದು ಡೆಸಿಬೆಲ್ ಹೆಚ್ಚಿದ್ದರೂ ಅದೇ ಉತ್ತಮವೆಂದು ಕಿವಿ ಹೇಳಿಬಿಡುತ್ತದೆ.

ಹವೆ, ಧೂಳು, ದುರಸ್ತಿ

ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಅಥವಾ ಎ.ಸಿ. ನಿಲ್ಲಿಸಿ ಸಂಗೀತ ಕೇಳುವುದು ಆಗದ ಮಾತು. ಫ್ಯಾನಿನ ಸದ್ದಿನಲ್ಲಿ ತಗ್ಗುಸ್ವರದ ಸೂಕ್ಷ್ಮಗಳು ಮುಳುಗುತ್ತವೆ, ಆದ್ದರಿಂದ ಮೆಲ್ಲಗೆ ನುಡಿಸಿದರಷ್ಟೇ ಚೆಂದವೆನಿಸುವ ಸ್ಪೀಕರುಗಳಿಗೆ ಇಲ್ಲಿ ಹಿನ್ನಡೆ. ವೂಫರಿನ ಅಂಚಿಗೆ ಫೋಮ್ ಇದ್ದರೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಕ್ವಾಡ್ ಬಗೆಯ ಎಲೆಕ್ಟ್ರೊಸ್ಟ್ಯಾಟಿಕ್ ಪೊರೆ ಧೂಳನ್ನು ಎಳೆದುಕೊಳ್ಳುವುದರಿಂದ ಬಳಸದಿದ್ದಾಗ ಹೊದಿಕೆ ಬೇಕು, ಮಳೆಗಾಲದ ತೇವದಲ್ಲಿ ಎಚ್ಚರ ಬೇಕು. ಸಾಧಾರಣ ವೂಫರುಗಳಿಗೆ ಹೊಸ ಅಂಚು, ಹೊಸ ಸುರುಳಿ ಹಾಕುವ ಕೈಗಳು ಗುಜರಾತಿ ಗಲ್ಲಿಯಲ್ಲಿ ಸಿಗುತ್ತವೆ. ಬೆರಿಲಿಯಂ, ವಜ್ರದ ಟ್ವೀಟರುಗಳಿಗೆ ಕಂಪನಿಯ ಬಿಡಿಭಾಗವೇ ಆಗಬೇಕು.

ಹೈದರಾಬಾದಿನ ಸಾಧಾರಣ ಫ್ಲ್ಯಾಟಿಗೆ ಹೊಂದುವುದು ಮುಚ್ಚಿದ ಪೆಟ್ಟಿಗೆಯ ಅಥವಾ ಒಂದೇ ಬಿಂದುವಿನ ಘಟಕದ ಸಣ್ಣ ಸ್ಪೀಕರು, ಸಿನಿಮಾ ಬೇಕಾದವರಿಗೆ ಅದರ ಜೊತೆ ಜಾಗ ನೋಡಿ ಇಟ್ಟ ಒಂದು ಸಬ್‌ವೂಫರ್. ಎತ್ತರದ ಚಾವಣಿಯ, ವಿಶಾಲವಾದ ಹಳೆಯ ಮನೆಯಿದ್ದವರು ಹಾರ್ನ್ ಅಥವಾ ಕ್ವಾಡ್ ಬಗೆಯವನ್ನು ಧೈರ್ಯವಾಗಿ ನೋಡಬಹುದು. ಯಾವುದನ್ನೇ ಆರಿಸಿದರೂ ಹಣ ಕೊಡುವ ಮೊದಲು ಆ ಜೋಡಿಯನ್ನು ಮನೆಗೆ ತರಿಸಿಕೊಂಡು, ನಿಮ್ಮ ಸೋಫಾದ ಮೇಲೆ ಕೂತು, ಫ್ಯಾನ್ ತಿರುಗುತ್ತಿರುವಾಗಲೇ, ನಿಮ್ಮದೇ ತಂಬೂರಿ ಮತ್ತು ಕಂಠದ ಮುದ್ರಣಗಳನ್ನು ಹಾಕಿ ಕೇಳಿ. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.